ಹೊನ್ನೂರಬಿಯ ಟೇಬಲ್ಲು

ಕೌಲ್ ಬಜಾರಿನ ಈ ಮೂರನೇ ಮಹಡಿಯಲ್ಲಿ
ರಾತ್ರಿ ಹತ್ತಾದರೂ ಬಿಸಿಲು ಇಳಿದಿಲ್ಲ,
ಗೋಡೆಯೊಳಗೇ ಬಾಡಿಗೆಗೆ ಉಳಿದುಬಿಟ್ಟಿದೆ.
ಕೆಳಗೆ ಓವರ್‌ಲಾಕ್ ಮಷೀನುಗಳ ಗರಗರ,
ಮೋರಿಯಲ್ಲಿ ನೀಲಿ ನೀರು.
ಮೇಲೆ ನಾನು, ಲ್ಯಾಪ್‌ಟಾಪು,
ಎಣ್ಣೆ ಹೀರಿದ ಪೇಪರಿನಲ್ಲಿ ಒಗ್ಗರಣಿ, ಆರಿದ ಎರಡು ಮಿರ್ಚಿ.

ಒಂದೇ ಫೈಲು. ಒಳಗೆ ಮೂರು ತಿದ್ದುಪಡಿ.
ಮೂರೂ ಕೆಂಪಗೆ ಕೂತಿವೆ.

ಮೊದಲನೆಯದು ಪೈಸೆ.
ನಲವತ್ತೇಳು ಪ್ಯಾಂಟಿನ ಬಂಡಲ್ಲು,
ಪ್ಯಾಂಟಿಗೆ ಒಂದು ರೂಪಾಯಿ ಮೂವತ್ತೈದು,
ಅರವತ್ತಮೂರು ರೂಪಾಯಿ ನಲವತ್ತೈದು ಪೈಸೆ.
ಆ ನಲವತ್ತೈದನ್ನು ಹನ್ನೊಂದು ತಿಂಗಳಿಂದ
ನುಂಗುತ್ತಿತ್ತು ನಾನು ಬರೆದ ಲೆಕ್ಕ.
ಯಾರೂ ಕೇಳಲಿಲ್ಲ.
ಕೇಳಿದವಳು ಹೊನ್ನೂರಬಿ ಒಬ್ಬಳೇ,
ಮಾತ್ರೆ ಚೀಟಿಯ ಹಿಂದೆ ಬರೆದಿಟ್ಟುಕೊಂಡು:
"ನಿನ್ ಮಷಿನ್‌ಗೆ ಚಿಲ್ರೆ ಎಣಿಸಾಕ ಬರಲ್ಲೇನಪ್ಪಾ?"

ಎರಡನೆಯದು ಸಾವ್ಕಾರ ಎರಿಸ್ವಾಮಿ ಹೇಳಿ ಬರೆಸಿದ್ದು:
ಹತ್ತು ನಿಮಿಷ ತಡವಾದರೆ ಒಂದು ಬಂಡಲ್ಲಿನ ಕೂಲಿ ಮಾಯ.
ಎರಡೇ ಸಾಲು. ಚೆಂದಾಗಿ ಬರೆದಿದ್ದೇನೆ ಬೇರೆ.
ಓಡಿಸಿ ನೋಡಿದೆ, ತಪ್ಪಿಲ್ಲದೆ ಕತ್ತರಿಸುತ್ತದೆ.

ಮೂರನೆಯದು ಸಿಟ್ಟಿಗೆ ಗೀಚಿದ ಟಿಪ್ಪಣಿ:
"ಈ ಲೆಕ್ಕ ಬರೆದ ಕತ್ತೆ ಯಾವುದು?"
ಹಳೆಯ ದಾಖಲೆ ತೆಗೆದು ನೋಡಿದರೆ
ನನ್ನದೇ ಹೆಸರು, ತಾರೀಖು ಸಮೇತ.

ಆಡ್ ಅಂದು ಒಂದು ಚುಕ್ಕಿ ಇಟ್ಟರೆ ಸಾಕಿತ್ತು,
ಸಂತೆಗೆ ಹೊರಟ ಟಂಟಂಗೆ ಏರಿದ ಹಾಗೆ
ಮೂರೂ ಒಂದರ ಮೇಲೊಂದು ಏರಿ ಹೊರಡುತ್ತಿದ್ದವು.
ಬಾಯಾರಿತು. ನೀರಿಗೆಂದು ಕೆಳಗಿಳಿದೆ.

ಹೊಲಿಗೆಗೂ ಪ್ಯಾಕಿಂಗಿಗೂ ನಡುವೆ
ನಾಲ್ಕು ಡ್ರಮ್ಮಿನ ಮೇಲೊಂದು ಹಲಗೆ, ಅದೇ ಟೇಬಲ್ಲು.
ಹೊನ್ನೂರಬಿ ಜೇಬು ಹೊರಗೆಳೆದು ನೋಡುತ್ತಾಳೆ,
ಬಟನ್ನು ಜಗ್ಗುತ್ತಾಳೆ, ನೂಲು ಕತ್ತರಿಸುತ್ತಾಳೆ,
ಇದು ಈ ಕಡೆ, ಇದು ಆ ಕಡೆ.
ಟೇಬಲ್ಲಿನ ಕೆಳಗೆ ಇನ್ನೊಂದು ಗುಡ್ಡೆ.
"ಅದು ಯಾವುದು?"
"ಅದಾ? ಏನು ಅಂತ ನಂಗೆ ಇನ್ನಾ ಹೇಳಿಲ್ಲ ಅದು."
ಆಮೇಲೆ, ತಲೆ ಎತ್ತದೆ:
"ಲೇಬಲ್ ಬಿತ್ತಂದ್ರೆ ಮುಗೀತು ನೋಡು.
ಬಿಚ್ಚಬಹುದು. ತೂತು ಕಾಣ್ತಾವೆ."

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಆಡುವ ಮೊದಲು, ನಾಲಿಗೆಗೂ ತುಟಿಗೂ ನಡುವೆ
ಒಂದು ಹಲಗೆ ಹಾಕಿಕೊಳ್ಳಬಹುದೆಂದು
ನನಗೆ ಯಾರೂ ಹೇಳಿರಲಿಲ್ಲ.

ಮೇಲೆ ಬಂದು ತುಂಡು ತುಂಡಾಗಿ ಕೇಳು ಎಂದೆ.
ಕೇಳಿತು: ಇದನ್ನು ಸೇರಿಸಲೇ?
ಪೈಸೆಯೂ ದಂಡವೂ ಒಂದೇ ತುಂಡಿನಲ್ಲಿ
ಮೈಗೆ ಮೈ ಅಂಟಿಸಿಕೊಂಡು ಬಂದವು.
ಎಸ್ ಒತ್ತಿದೆ. ಸೀಳಿತು.
ಪೈಸೆ: ಹೌದು.
ದಂಡ:
ಕರ್ಸರು ಮಿನುಗುತ್ತ ಕಾಯಿತು.
ಮಿರ್ಚಿಯ ತೊಟ್ಟು ಕಿತ್ತು ಬಾಯಿಗಿಟ್ಟೆ.
ಖಾರ ಕಿವಿಯವರೆಗೂ ಹೋಗಿ ಬಂತು.
ಅಲ್ಲ.
ಕತ್ತೆ: ಅಲ್ಲ. ಅದು ನನಗೊಬ್ಬನಿಗೆ ಇರಲಿ.

ಒಂದು ಹಸಿರಾಯಿತು.
ಎದುರಿಗೆ "ಪೈಸೆ ವಾಪಸ್" ಎಂದು ಬರೆದು
ಕಮಿಟ್ ಮಾಡಿದೆ.

ದಂಡದ ಸಾಲು ಅಳಿಸಿದೆ ಎಂದುಕೊಳ್ಳಬೇಡಿ,
ಅಷ್ಟು ಗಟ್ಟಿಗನಲ್ಲ ನಾನು.
ಇದೆ ಇನ್ನೂ, ನನ್ನ ಯಂತ್ರದೊಳಗೆ, ಕೆಂಪಗೆ,
ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಬೆಳಿಗ್ಗೆ ಮೆಟ್ಟಿಲ ಮೇಲೆ ಬೀಗದ ಕೈ ಗೊಂಚಲಿನ ಸದ್ದು.
"ಹಾಕಿದೇನಪ್ಪಾ?"
"ಹಾಕೀನ್ರೀ."
ಯಾವುದು ಎಂದು ಸಾವ್ಕಾರರು ಕೇಳಲಿಲ್ಲ.

ಹೊನ್ನೂರಬಿ ಹತ್ತು ನಿಮಿಷ ತಡವಾಗಿ ಬಂದಳು.
ಕೆಳಗಿನ ಗುಡ್ಡೆಯಿಂದ ಒಂದು ಪ್ಯಾಂಟು ಎತ್ತಿ
ಟ್ಯೂಬ್‌ಲೈಟಿಗೆ ಹಿಡಿದು ನೋಡಿ
ಮತ್ತೆ ಅಲ್ಲೇ ಇಟ್ಟಳು.